ಕಾಗಿಣಾ ದಂಡೆಯ ಎರಡು ಕಾರ್ಡುಗಳು

ವಾಡಿ ಸ್ಟೇಷನ್ನಿನ ಹತ್ತಿರದ ಹಳೆ ಸಾಮಾನಿನ ಅಂಗಡಿಯಲ್ಲಿ ಆ ಬಣ್ಣದ ಪೋಸ್ಟ್‌ಕಾರ್ಡ್ ಕಂಡಾಗ ನನಗೆ ಮೊದಲು ಬಂದದ್ದು ಅನುಮಾನ. ನದಿ, ಕಲ್ಲಿನ ಮೆಟ್ಟಿಲು, ಕೊಡ ಹೊತ್ತ ಮೂವರು ಹೆಂಗಸರು. ಇದೇ ಚಿತ್ರ ಚಿತ್ತಾಪುರದ ನನ್ನ ಸೋದರತ್ತೆಯ ಮನೆಯಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ನಡುವೆ ನಿಂತವಳು ತಮ್ಮ ಅಜ್ಜಿ, ತಾಯಿಯ ತಾಯಿ, ಜಾಗ ದಂಡೋತಿ ಊರಿನ ಕಾಗಿಣಾ ನದಿಯ ದಂಡೆ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಲ್ಲಿ ಆಕೆಯ ಸೀರೆ ಹಸಿರು. ನನ್ನ ಕೈಯಲ್ಲಿದ್ದ ಕಾರ್ಡಿನಲ್ಲಿ ಬಿಳಿ.

“ಅಸಲಿ ಅದರಿ ಮೇಡಂ,” ಎಂದ ಅಂಗಡಿಯವ, ನಾನು ಕೇಳುವ ಮೊದಲೇ. ಅದರಿಂದ ಸಂಶಯ ಹೆಚ್ಚೇ ಆಯಿತು. ಆದರೂ ಕೊಂಡೆ.

ನಾನು ಶಹಾಬಾದಿನಲ್ಲಿ ಡ್ರಾಯಿಂಗ್ ಟೀಚರ್. ಹಳೆಯ ಕಾರ್ಡುಗಳ ಬಗ್ಗೆ ಅಷ್ಟಿಷ್ಟು ಓದಿದ್ದೆ. ಇಲ್ಲಿ ತೆಗೆದ ಕಪ್ಪು-ಬಿಳುಪು ಫೋಟೊ ಹಡಗು ಹತ್ತಿ ಜರ್ಮನಿಯಂಥ ದೇಶಕ್ಕೆ ಹೋಗಿ, ಅಲ್ಲಿ ಬಣ್ಣದಲ್ಲಿ ಅಚ್ಚಾಗಿ ಮರಳುತ್ತಿತ್ತಂತೆ. ಬಣ್ಣ ಹಾಕುವವರು ನಮ್ಮ ಊರುಗಳನ್ನು ಕಂಡವರಲ್ಲ. ಈ ಕಾರ್ಡಿನಲ್ಲೂ ಮೆಟ್ಟಿಲುಗಳು ಇಟ್ಟಂಗಿಯಂತೆ ಕೆಂಪಾಗಿದ್ದವು. ನಮ್ಮ ಕಡೆಯ ಫರಸಿ ಕಲ್ಲು ಬೂದು. ಕೆಳಗೆ ಇಂಗ್ಲಿಷಿನಲ್ಲಿ ‘ನದಿಯ ಘಟ್ಟ’ ಎಂದಷ್ಟೇ ಇತ್ತು, ಊರಿನ ಹೆಸರಿರಲಿಲ್ಲ.

ಭಾನುವಾರ ಭೂತಗನ್ನಡಿ ಹಿಡಿದು ಚಿತ್ತಾಪುರಕ್ಕೆ ಹೋದೆ. ಗೋಡೆಯ ಕಾರ್ಡಿಗೆ ಕಣ್ಣು ಹಚ್ಚಿದ್ದೇ ತಡ, ಅತ್ತೆ ಹಿಂದೆ ಬಂದು ನಿಂತರು.

“ಅಷ್ಟು ಹತ್ರ ಏನು ನೋಡ್ಲಿಕತ್ತಿ? ಮಾರಾಕ ಒಯ್ಬೇಕಂತ ಬಂದೀಯೇನು?”

“ಇಲ್ರಿ ಅತ್ತಿ, ಬಣ್ಣ ನೋಡ್ಲಿಕತ್ತೀನಿ.”

ಅವರು ನಂಬಲಿಲ್ಲ. ಕುರ್ಚಿ ಎಳೆದುಕೊಂಡು ನನ್ನನ್ನೇ ನೋಡುತ್ತ ಕುಳಿತರು.

ಭೂತಗನ್ನಡಿಯಡಿ ಕೆಂಪು, ನೀಲಿ ಎಲ್ಲವೂ ಅಚ್ಚಿನ ಸಣ್ಣ ಸಣ್ಣ ಚುಕ್ಕಿಗಳು. ಹಸಿರಿನಲ್ಲಿ ಮಾತ್ರ ಕುಂಚದ ಗೀರುಗಳಿದ್ದವು. ಅಂಚು ದಾಟಿ ಕೊಡದ ಮೇಲೂ ಹರಿದಿತ್ತು.

“ಈ ಹಸಿರು ಆಮ್ಯಾಗ ಯಾರೋ ಹಚ್ಚ್ಯಾರರಿ ಅತ್ತಿ,” ಎಂದೆ.

ಅತ್ತೆ ಎದ್ದು ಬೀದಿ ಬಾಗಿಲು ಎಳೆದು ಮುಚ್ಚಿ ಬಂದರು.

“ನಮ್ಮವ್ವ ಹಚ್ಚಿದ್ದು. ನಿಮ್ಮಪ್ಪನ ಸಾಲಿ ಬಣ್ಣದ ಡಬ್ಬಿ ತಗೊಂಡು. ಫೋಟೊ ತೆಗ್ದಾಗ ಅಜ್ಜಿ ಗಂಡ ಇದ್ನಂತ. ಗಂಡ ಇರೋ ಹೆಣ್ಮಗಳಿಗಿ ಅಚ್ಚಿನವ್ರು ಬಿಳಿ ಸೀರಿ ಉಡ್ಸ್ಯಾರಂತ ನಮ್ಮವ್ವಗ ಭಾಳ ಸಂಕಟ ಆಗಿತ್ತು.”

ನಾನು ಚೀಲದಿಂದ ನನ್ನ ಕಾರ್ಡು ತೆಗೆದು ಕೊಟ್ಟೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸುಮ್ಮನಿರಬಹುದಿತ್ತು, ಆದರೂ ಕೇಳಿಬಿಟ್ಟೆ.

“ಇವ್ರು ಅಜ್ಜಿನೇ ಅಂತ ಹೆಂಗ ಗೊತ್ತಾತ್ರಿ?”

“ನಮ್ಮವ್ವ ಹೇಳಿದ್ಲು.”

“ಅವ್ರಿಗಿ ಯಾರು ಹೇಳಿದ್ರು?”

“ತಾಯಿ ಮಾರಿ ಮಗಳಿಗಿ ಗುರ್ತು ಹತ್ತಂಗಿಲ್ಲೇನು?” ಎಂದರು ಅತ್ತೆ. ಅವರ ದನಿ ಗಡುಸಾಗಿತ್ತು. ನನಗೆ ನಂಬಿಕೆ ಬರಲಿಲ್ಲ. ಮುಖವೆಂದರೆ ಹೆಸರುಕಾಳಿನಷ್ಟು, ಅದರಲ್ಲೂ ಅರ್ಧ ಸೆರಗಿನ ಮರೆಯಲ್ಲಿ.

ಚಹಾ ಕೊಟ್ಟ ಮೇಲೆ ಅತ್ತೆ, “ನಿನಗ ಬಣ್ಣ ಹಚ್ಚಾಕ ಬರ್ತದಲ್ಲ, ಇದಕ್ಕೂ ಹಸ್ರು ಹಚ್ಚಿಕೊಡು,” ಎಂದರು.

ಬಣ್ಣ ತಂದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅತ್ತೆ ನನ್ನ ಚೀಲದ ಕಡೆ ಒಮ್ಮೆ ನೋಡಿ, ಬಿಳಿ ಸೀರೆಯ ಆ ಕಾರ್ಡನ್ನು ಅಲಮಾರಿಯಲ್ಲಿಟ್ಟು ಕೀಲಿ ಹಾಕಿದರು. ಈಗಲೂ ಅದು ಅವರ ಹತ್ತಿರವೇ ಇದೆ. ವಾಪಸು ಕೇಳಿದಾಗಲೆಲ್ಲ, “ಎಲ್ಲಿಟ್ಟೀನೋ, ಹುಡುಕಬೇಕು,” ಎನ್ನುತ್ತಾರೆ.