ಯಾವ ಲೂಸು ಮಾಡಿದ್ದು ಇಷ್ಟು ಟೈಟು?

ನನ್ನ ಮಗಳು ಅಮೂಲ್ಯ ಪ್ರತಿ ವಾರ ಈ ಅಂಕಣವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾಳೆ. ಅಭಿಮಾನದಿಂದ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ತನ್ನ ರಿಮೋಟ್ ಕಾರಿನ ಎರಡು ಗೇರುಗಳ ನಡುವೆ ತೂರಿಸುತ್ತಿದ್ದಳು.

ರಿಮೋಟ್ ಕಾರು ಅಂದರೆ ಆಟಿಕೆಯಲ್ಲ. (ಹಾಗೆಂದವರ ಜೊತೆ ಅವಳು ಮಾತು ಬಿಡುತ್ತಾಳೆ.) ರೇಸಿಗೆಂದೇ ಮಾಡಿದ, ಮೊಣಕೈಯುದ್ದದ ಟೂರಿಂಗ್ ಕಾರು. ಮೋಟಾರಿನ ಪುಟ್ಟ ಗೇರು ಪಕ್ಕದ ದೊಡ್ಡ ಪ್ಲಾಸ್ಟಿಕ್ ಗೇರನ್ನು ತಿರುಗಿಸಬೇಕು; ಅದು ಬೆಲ್ಟುಗಳನ್ನು ಎಳೆದು ಚಕ್ರಗಳನ್ನು ಓಡಿಸಬೇಕು. ಎರಡರ ಹಲ್ಲು ದೂರವಿದ್ದರೂ ಕಷ್ಟ, ತೀರಾ ಕಚ್ಚಿಕೊಂಡರೂ ಕಷ್ಟ. ಅದಕ್ಕೇ ನಡುವೆ ಪೇಪರಿನ ಪಟ್ಟಿ ಇಟ್ಟು, ಒತ್ತಿ ಸ್ಕ್ರೂ ಬಿಗಿದು, ಆಮೇಲೆ ಪಟ್ಟಿಯನ್ನು ಹೊರಗೆಳೆಯುತ್ತಾಳೆ. ಇಸ್ತ್ರಿ ಮಾಡಿದ ಸೀರೆಯ ನೆರಿಗೆಯಂತೆ ಅದು ಹೊರಬರುತ್ತದೆ. ಅಲ್ಲಿ ಉಳಿಯುವ ಕೂದಲೆಳೆಯ ಸಂದಿಗೆ ರೇಸಿನವರ ಭಾಷೆಯಲ್ಲಿ 'ಪ್ಲೇ' ಎಂದು ಹೆಸರು.

ಈ ಪದ ನಮ್ಮ ಮನೆಗೆ ಹೊಸದಲ್ಲ. ನಮ್ಮವರು ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು ಮಾಡುತ್ತಲೇ ತಲೆ ನರೆಸಿಕೊಂಡವರು. ಅಲ್ಲಿ ಪ್ಲೇ ಕಂಡರೆ ರಿಜೆಕ್ಟ್. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಲ್ಲಾಡುವ ಕುರ್ಚಿ ಇಲ್ಲ, ಗಲಗಲ ಎನ್ನುವ ಚಿಲಕ ಇಲ್ಲ. ಕುಕ್ಕರಿನ ಹಿಡಿಯ ಸ್ಕ್ರೂ ನನ್ನ ಕೈಯಲ್ಲಿ ಈ ಜನ್ಮದಲ್ಲಿ ಬಿಚ್ಚಲಾಗದು.

ಮೊನ್ನೆ ಭಾನುವಾರ ರೇಸು. ಆಷಾಢ ನೋಡಿ, ಮದುವೆಗಳಿಲ್ಲ, ಕೆ.ಆರ್. ಪುರದಾಚೆಯ ಛತ್ರವೊಂದರ ಪಾರ್ಕಿಂಗ್ ಜಾಗ ಈ ರೇಸಿನವರಿಗೆ ಸಿಕ್ಕಿತ್ತು. ಮೊದಲ ಮೂವರಿಗೆ ಚೆನ್ನೈಯ ದೊಡ್ಡ ರೇಸಿನಲ್ಲಿ ಜಾಗ. ಅಮೂಲ್ಯ ವರ್ಷವಿಡೀ ಕಾದದ್ದು ಅದಕ್ಕೇ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಮ್ಮವರು ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬನಿಯನ್ನಿನಲ್ಲಿ, ಕನ್ನಡಕ ಹಣೆಗೇರಿಸಿಕೊಂಡು. ಗೇರನ್ನು ಬೆರಳಿನಿಂದ ಮುಟ್ಟಿ, "ಪ್ಲೇ ಇದೆ ಕಣೇ," ಅಂದರು.

"ಅದು ಇರ್ಬೇಕಂತೆ ರೀ."

"ಯಾರ್ ಹೇಳಿದ್ದು? ಟಿಕ್ ಟಿಕ್ ಅಂತಿದೆ, ಕೇಳು. ಚೆನ್ನೈಗೆ ಹೋಗ್ಬೇಕಾದ ಗಾಡಿ ಇದು."

ಒಲೆಯ ಮೇಲೆ ದೋಸೆ ಇತ್ತು, ನಾನು ಒಳಗೆ ಹೋದೆ. ಬಾಗಿಲಿಂದ ಇಣುಕಿದರೆ, ಪುಟ್ಟ ಮಗುವಿಗೆ ಶೂ ಹಾಕುವಷ್ಟು ಮೆಲ್ಲಗೆ ಅವರು ಸ್ಕ್ರೂ ತಿರುಗಿಸುತ್ತಿದ್ದರು. ಟಿಕ್ ಟಿಕ್ ನಿಂತಿತು.

ರೇಸು ಶುರುವಾಗುವ ಮುಂಚೆ, ಗೆರೆಯ ಮೇಲೆ ನಿಂತ ಕಾರು ಕೀರಲು ದನಿ ತೆಗೆಯಿತು. ಬಿಚ್ಚಿ ನೋಡಲು ಹೊತ್ತಿರಲಿಲ್ಲ. ಅಮೂಲ್ಯ ಒಮ್ಮೆ ತಿರುಗಿ ನೋಡಿದಳು. ಕಾರನ್ನಲ್ಲ, ಅಪ್ಪನನ್ನು.

ಎರಡನೆಯವಳಾಗಿ ಓಡಿಸುತ್ತಿದ್ದಳು, ಚೆನ್ನಾಗಿಯೇ. ಆಮೇಲೆ ಛತ್ರದ ಅಡುಗೆಮನೆಯ ಎದುರಿನ ತಿರುವಿನಲ್ಲಿ ಕಾರು ನಿಂತಿತು. ಮೋಟಾರು ಮಾತ್ರ ಕಿರುಚುತ್ತಲೇ ಇತ್ತು.

ಇಮ್ರಾನ್ ಅವಳ ಕಾಲೇಜಿನವನು, ಶಿವಾಜಿನಗರದ ಹುಡುಗ. ಕಾರನ್ನು ಎತ್ತಿ ತಂದು ಬಿಚ್ಚಿದ. ದೊಡ್ಡ ಗೇರಿನಲ್ಲಿ ಹಲ್ಲೇ ಇಲ್ಲ, ಬಟನ್ನಿನಂತೆ ನುಣ್ಣಗಾಗಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

"ಲೇ ಮಗಾ," ಎಂದ (ಹುಡುಗಿಯರೂ ಈಗ ಮಗಾ), "ಯಾವ್ ಲೂಸು ಮಾಡಿದ್ದು ಇಷ್ಟು ಟೈಟು?"

ನಮ್ಮವರು ಪಕ್ಕದಲ್ಲೇ, ಅವಳ ನೀರಿನ ಬಾಟಲಿ ಹಿಡಿದು ನಿಂತಿದ್ದರು.

"ನಾನೇ ಕಣೋ ಆ ಲೂಸು," ಅಂದಳು ಅಮೂಲ್ಯ. "ಪೇಪರ್ ಇಡೋದು ಮರ್ತೆ."

"ನೀನು? ಪೇಪರ್ ಮರ್ತೆ? ಸುಳ್ ಹೇಳ್ಬೇಡ ಗುರು."

"ಮರ್ತೆ ಅಂದ್ನಲ್ಲ. ಬಿಡು."

ಒಂದೇ ಮಾತು ಸಾಕಿತ್ತು. ನಾನಮ್ಮಾ ಮಾಡಿದ್ದು, ಅಂತ. ನಮ್ಮವರು ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು. ಅವರು ಹೇಳಲಿ ಎಂದು ನಾನು ಕಾದೆ. ಬಹುಶಃ ನಾನು ಹೇಳಲಿ ಎಂದು ಅವರೂ ಕಾದರೇನೋ.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ 'ಸೇ ಸಾರಿ' ಎಂದು ಕಿವಿ ಹಿಂಡಿ ಕಲಿಸಿದ್ದರು. ಆದರೆ ಅದು ಚಿಕ್ಕವರು ದೊಡ್ಡವರಿಗೆ ಹೇಳುವ ಸಾರಿ. ಇನ್ನೊಂದು ದಿಕ್ಕಿನದು ಸಿಲಬಸ್ಸಿನಲ್ಲಿರಲಿಲ್ಲ. ನಿಮ್ಮ ಶಾಲೆಯಲ್ಲಿತ್ತಾ? ಪ್ರೀತಿಯಿಂದ ಮಾಡಿದ್ದು ಎಂಬ ಒಂದು ಕಾರಣ ಹಿಡಿದುಕೊಂಡು ನಾವು ಎಷ್ಟೊಂದು ಸಲ ತಪ್ಪಿಸಿಕೊಂಡಿದ್ದೇವೆ.

ಮಾರನೆಯ ದಿನ ನಮ್ಮವರು ಕೆಲಸ ಮುಗಿಸಿ ನೇರ ಕಮ್ಮನಹಳ್ಳಿಗೆ ಹೋಗಿ, ಹೊಸ ಗೇರು ಹುಡುಕಿ ತಂದು ಅವಳ ಮೇಜಿನ ಮೇಲಿಟ್ಟರು. ಬಾಗಿಲಲ್ಲೇ ನಿಂತರು, ಬೈಗುಳ ತಿನ್ನಲು ಸಿದ್ಧರಾಗಿ. ನನಗೂ ಅದೇ ಬೇಕಿತ್ತು. ಮಾತು ಬಂದ ದಿನದಿಂದ ಅಪ್ಪನಿಗೆ 'ನೀನು' ಅಂದವಳು. 'ಮುಟ್ಬೇಡ ಅಂದ್ರೆ ಗೊತ್ತಾಗಲ್ವಾ ನಿಂಗೆ' ಎಂದು ಒಂದು ಸಲ ಕಿರುಚಿದ್ದರೆ ಎಲ್ಲ ಮುಗಿಯುತ್ತಿತ್ತು.

ಅವಳು ಪ್ಯಾಕೆಟ್ ನೋಡಿದಳು. ನಕ್ಕಳು ಕೂಡ.

"ನೀವ್ಯಾಕೆ ತರಕ್ಕೆ ಹೋದ್ರಿ ಅಪ್ಪಾ? ಥ್ಯಾಂಕ್ಸ್."

ಮರ್ಯಾದೆ ಕೊಡಲು ಶುರು ಮಾಡಿದ ಮಗಳನ್ನು ಮತ್ತೆ ಜಗಳಕ್ಕೆ ಕರೆಯುವುದು ಹೇಗೆ, ನೀವೇ ಹೇಳಿ?