ಟ್ಯಾನಿಂಗ್ ಕೂಪನ್ನೂ ಅತ್ತೆಯ ಡಬ್ಬಿಯೂ

ನಾನು ಐದು ತಿಂಗಳ ಬಸುರಿಯಾಗಿದ್ದಾಗ ಆಫೀಸಿನ ಗೆಳತಿಯರು ಮಿಯಾಪುರದ ಹೊಸ ಸ್ಪಾ ಒಂದರ ಕೂಪನ್ ಉಡುಗೊರೆ ಕೊಟ್ಟರು. ದೀಪಗಳ ಪೆಟ್ಟಿಗೆಯೊಳಗೆ ಮಲಗಿಸಿ ಮೈ ಕಂದು ಮಾಡುತ್ತಾರಂತೆ, ಅದಕ್ಕೆ ಟ್ಯಾನಿಂಗ್ ಎಂದು ಹೆಸರು. ಹೈದರಾಬಾದಿನ ಬಿಸಿಲಲ್ಲಿ ಬಸ್ಸಿಗೆ ಕಾದರೆ ಪುಕ್ಕಟೆ ಸಿಗುವುದನ್ನು ಎ.ಸಿ. ಕೋಣೆಯಲ್ಲಿಟ್ಟು ಮಾರುತ್ತಿದ್ದರು. ಡಾಕ್ಟರಮ್ಮನನ್ನು ಕೇಳಿದೆ. ಆ ಕಿರಣಗಳು ಚರ್ಮಕ್ಕೆ ಕೆಟ್ಟವು, ಬಸುರಿಯ ಮೈ ಅತಿಯಾಗಿ ಕಾಯುವುದೂ ಒಳ್ಳೆಯದಲ್ಲ, ಬೇಡವೇ ಬೇಡ ಎಂದರು.

ಬಾಣಂತನಕ್ಕೆಂದು ಕಲಬುರಗಿಯಿಂದ ಮೊದಲೇ ಬಂದು ಕೂತಿದ್ದ ಅತ್ತೆಗೆ ಈ ಕಿರಣ, ಶಾಖದ ಕಾರಣ ಯಾವುದೂ ಬೇಕಿರಲಿಲ್ಲ.

"ಕೂಸು ಕರ್ರಗ ಹುಟ್ಟಿದ್ರ ಏನ್ ಮಾಡ್ತಿ? ನಾ ದಿನಾ ಕೇಸರಿ ಹಾಲು ಕುಡಸಾಕತ್ತೀನಿ, ನೀ ಹೋಗಿ ಮೈ ಸುಟ್ಕೊಂಡು ಬರ್ತೀಯೇನು?" ಎಂದು ಕೂಪನ್ ಹರಿದೇಬಿಟ್ಟರು. ರೊಟ್ಟಿ ಹಂಚಿನ ಬಣ್ಣದ ನನ್ನ ಗಂಡ ಪಕ್ಕದಲ್ಲಿ ನಿಂತು ಹೌದೌದೆಂದು ತಲೆಯಾಡಿಸಿದ.

ಮರುದಿನ ಅತ್ತೆ ನನಗೆ ಹಚ್ಚಿಕೊಳ್ಳಲು ಬಿಳಿ ಕ್ರೀಮಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಏನೇನು ಬೆರೆಸಿದ್ದಾರೆಂದು ಡಬ್ಬಿಯ ಮೇಲೆ ಒಂದಕ್ಷರವೂ ಇರಲಿಲ್ಲ. ಇದನ್ನೂ ಡಾಕ್ಟರಮ್ಮನಿಗೆ ತೋರಿಸೋಣ ಎಂದೆ.

ಅತ್ತೆ ನನ್ನನ್ನು ಹುಚ್ಚಿಯಂತೆ ನೋಡಿದರು. "ಇದನ್ನ್ಯಾಕ ತೋರಸ್ಬೇಕು? ಇದು ಬೆಳ್ಳಗ ಮಾಡೂದೈತಿ!"