ಮೆಣಸಿನಕಾಯಿ ರಾಶಿಯ ಮೇಲೆ ಕೆಂಪಕ್ಷರ

ಅಗಡಿಯ ಮೆಹನಾಜ ಹಾವೇರಿಯಲ್ಲಿ, ಕೋರ್ಟಿನ ಎದುರಿನ ಓಣಿಯಲ್ಲಿ, ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಮೊದಲೆಲ್ಲ ಲಗ್ನಪತ್ರಿಕೆ, ಬ್ಯಾನರು. ಈಗ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ಎಂಥ ಹಟಮಾರಿ ಗಿರಾಕಿಯನ್ನೂ ನಗುನಗುತ್ತ ಸಂಭಾಳಿಸುವವಳು ಎಂದು ಹೆಸರಾಗಿದ್ದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಂಕ್ರಪ್ಪ ಬಂದ ಮೇಲೆ ಆ ನಗು ಬತ್ತಿತು.

ಅವನ ಬೇಡಿಕೆ ಎರಡೇ. ಪುಟದ ಹಿನ್ನೆಲೆಯ ತುಂಬ ಕಾಯಿರಾಶಿಯ ಫೋಟೊ ಇರಬೇಕು. ಅದರ ಮೇಲೆ ಬರೆಯುವ ಅಕ್ಷರವೂ ಕೆಂಪೇ ಆಗಬೇಕು.

"ಕಾಕಾ, ಕೆಂಪಿನ ಮ್ಯಾಲ ಕೆಂಪು ಬರದ್ರ ಓದಾಕ ಬರೂದಿಲ್ರಿ."

"ನಮ್ಮ ಮಾಲಿನ ಬಣ್ಣನ ಕೆಂಪೈತೆವಾ ತಂಗಿ. ಅದನ್ನ ಬಿಟ್ರ ನಮ್ದೇನೈತಿ?"

ಅವನು ಕಳಿಸಿದ ಫೋಟೊ ತೀರ ಚಿಕ್ಕದು. ಪುಟ ತುಂಬಲು ಸಾಲದೆ ನೆಲದ ಫರಸಿಕಲ್ಲಿನ ಹಾಗೆ ಮತ್ತೆ ಮತ್ತೆ ಮೂಡಿತು. ಮೂಲೆಯಲ್ಲಿ ಬಿದ್ದಿದ್ದ ಹಮಾಲನ ಚಪ್ಪಲಿಯೂ ಸಾಲುಗಟ್ಟಿ ನಿಂತಿತು. ಶಂಕ್ರಪ್ಪನಿಗೆ ಮಾತ್ರ ಖುಷಿಯೋ ಖುಷಿ. "ಮಾಲು ಹೆಚ್ಚಾತು ನೋಡು!"

ಮೆಹನಾಜ ಹಲ್ಲು ಕಚ್ಚಿ ತಾನೇ ಬ್ಯಾಡಗಿಗೆ ಹೋಗಿ, ಸೀನುತ್ತ ಸೀನುತ್ತ, ದೊಡ್ಡ ಫೋಟೊ ತೆಗೆದುಕೊಂಡು ಬಂದಳು. ಅಕ್ಷರ ಕಾಣಲೆಂದು ಅದರ ಮೇಲೆ ಕಪ್ಪು ಛಾಯೆ ಹಾಕಿದಳು. ಕಾಯಿ ಕೊಳೆತಂತೆ ಕಾಣುತ್ತವೆ ಎಂದ ಶಂಕ್ರಪ್ಪ. ಬಣ್ಣ ತಿಳಿ ಮಾಡಿದಳು. ಕುರ್ಚಿಯಿಂದ ಎದ್ದೇ ಬಿಟ್ಟ. "ಬಿಳಚಿದ ಕಾಯಿ ಅಂತ ಗಿರಾಕಿ ಓಡಿ ಹೋಗ್ತಾನವಾ! ನನ್ನ ಮುಳಗಸ್ತಿ ಏನು?"

ಅಂದು ಮೆಹನಾಜಳ ತಾಳ್ಮೆ ಹರಿದುಹೋಯಿತು. ಅವನು ಹೇಳಿದ್ದ ಹಾಗೆಯೇ ಕೆಂಪಿನ ಮೇಲೆ ಕೆಂಪು ಬರೆದು, ಪರದೆಯನ್ನು ಅವನತ್ತ ತಿರುಗಿಸಿದಳು.

"ನಿಮ್ಮ ಫೋನ್ ನಂಬರ್ ಓದ್ರಿ ಕಾಕಾ."

ಶಂಕ್ರಪ್ಪ ಚಾಳೀಸು ಏರಿಸಿದ. ಬಗ್ಗಿ ನೋಡಿದ. ಹಿಂದೆ ಸರಿದು ನೋಡಿದ. "ಇದು ಏಳೋ... ಕಾಯಿ ತೊಟ್ಟೋ?"

"ನಿಮ್ಮ ನಂಬರ್ ನಿಮಗ ಕಾಣವಲ್ದು. ಗಿರಾಕಿಗೆ ಹ್ಯಾಂಗ ಕಾಣಬೇಕ್ರಿ? ಅಂಗಡಿ ಬೋರ್ಡಿನ ಮ್ಯಾಲ ಕಾಯಿ ಹರವಿ ಒಣಗಸ್ತೀರೇನು?" ಅವಳ ದನಿ ಪಕ್ಕದ ವಕೀಲರ ಕಚೇರಿಗೂ ಕೇಳಿಸಿತು.

ಮೆಹನಾಜ ಪುಟದ ನೆತ್ತಿಯಲ್ಲಿ ಫೋಟೊವನ್ನು ಅಗಲವಾಗಿ ಕೂರಿಸಿದಳು. ಅದರ ಮೇಲೆ ಒಂದಕ್ಷರವೂ ಇಲ್ಲ, ಕೆಂಪೆಲ್ಲ ಕಾಯಿಯದೇ. ಕೆಳಗೆ ಕೆನೆಬಣ್ಣದ ಬಯಲು, ದಟ್ಟ ಕಂದು ಅಕ್ಷರ. ನಂಬರು ಬಾಗಿಲಿನಿಂದಲೂ ಓದಿಸಿಕೊಳ್ಳುತ್ತಿತ್ತು.

ಶಂಕ್ರಪ್ಪ ಬಹಳ ಹೊತ್ತು ನೋಡಿದ. ಮುಖ ಅರಳಿತು.

"ಭಾಳ ಚಲೋ ಆಗೇತಿ. ಇಷ್ಟ ಸರಳ ಇದ್ರ, ಮೊದಲ ಮಾಡಾಕ ಏನಾಗಿತ್ತವಾ ನಿನಗ?"

ಮೆಹನಾಜ ಕಂಪ್ಯೂಟರ್ ಆರಿಸಿ, ಶಟರ್ ಎಳೆದು, ನಡುಮಧ್ಯಾಹ್ನವೇ ತನ್ನೂರು ಅಗಡಿಯ ಬಸ್ಸು ಹತ್ತಿದಳು.